ಹುಣಸೆ ತಿಕ್ಕಿದ ಇಂಜಿನ್

ಹಿಂಡಿ ಬಿಸಾಡುವ ಹುಣಸೆಹಣ್ಣನ್ನು ಕೇಳಿಕೊಂಡು ದಿನಾ ಬೆಳಿಗ್ಗೆ ಹೋಟೆಲಿನ ಹಿಂಬಾಗಿಲಿಗೆ ಬರುವ ಗಂಡಸನ್ನು ಏನೆಂದು ತಿಳಿಯಬೇಕು? ಸುಗುಣಾ ತನಗೆ ಎಲ್ಲ ತಿಳಿಯಿತೆಂದೇ ಎಣಿಸಿದ್ದಳು. ಪೆರಂಬೂರಿನಲ್ಲಿ ಅವಳ ಅಪ್ಪ ಶಂಕರನಾರಾಯಣ ರಾಯರ ಹೋಟೆಲು. ಹತ್ತಿರದಲ್ಲೇ ರೈಲ್ವೆ ವರ್ಕ್‌ಶಾಪು. ಅಲ್ಲಿಗೆ ತಿರುಚ್ಚಿಯಿಂದ ಬಂದಿದ್ದ ಉಡುಪಿ ಕಡೆಯ ಫಿಟ್ಟರ್ ವಿಷ್ಣುಮೂರ್ತಿ ಬಾಗಿಲಲ್ಲಿ ನಿಂತು ಬಾವಿ, ಬಕೆಟ್ಟು, ಬೆಕ್ಕು ಎಲ್ಲವನ್ನೂ ನೋಡುತ್ತಿದ್ದ, ಅವಳೊಬ್ಬಳನ್ನು ಬಿಟ್ಟು.

"ಹುಳಿ ಬರೀ ನೆಪ, ಅಲ್ವಾ?" ಎಂದು ಒಂದು ದಿನ ಕೇಳಿಯೇಬಿಟ್ಟಳು.

ಅವನ ಕಿವಿ ಕೆಂಪಾಯಿತು. "ಅಲ್ಲ ಮಾರಾಯ್ರೆ. ಇಂಜಿನ್ ತಿಕ್ಕಲಿಕ್ಕೆ."

ಇಂಜಿನ್ನಂತೆ! ನಂಬದೆ, ಅಪ್ಪನನ್ನು ಕಾಡಿ ಅವರ ಜೊತೆ ವರ್ಕ್‌ಶಾಪಿಗೆ ಹೋಗಿ ನೋಡಿದಳು.

ಬೇವಿನ ಮರದಡಿ ಹತ್ತು ವರ್ಷ ತುಕ್ಕು ಹಿಡಿದು ಬಿದ್ದಿದ್ದ ಪುಟ್ಟ ಉಗಿ ಇಂಜಿನ್ನು, ಅವಳ ಅಜ್ಜಿ ಹುಟ್ಟುವ ಮೊದಲೇ ಹಡಗಿನಲ್ಲಿ ಬಂದದ್ದು, ಈಗ ಹಸಿರು ಬಣ್ಣ ಬಳಿದುಕೊಂಡು ನಿಂತಿತ್ತು. ಬೆನ್ನ ಮೇಲಿನ ಹಿತ್ತಾಳೆಯ ಗುಮ್ಮಟ ದೇವರಮನೆಯ ಕೊಡದ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಸುಗುಣಾ ತನ್ನ ಮುಖ ಕಂಡಳು. ಹಿಂದೆ ಅವನ ಮುಖವೂ ಇತ್ತು. ನೇರವಾಗಿ ಒಮ್ಮೆಯೂ ನೋಡದವನು ಗುಮ್ಮಟದೊಳಗಿನ ಅವಳನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದ. ಅವಳು ತಿರುಗುವಷ್ಟರಲ್ಲಿ ಅವನ ಕಣ್ಣು ಚಕ್ರದ ಮೇಲಿತ್ತು.

ವರ್ಕ್‌ಶಾಪಿನ ಸಾಹೇಬರ ಮಾತನ್ನು ಅವನೇ ತಿಳಿಸಿದ. ಬರುವ ಶನಿವಾರ ಇದು ತನ್ನದೇ ಉಗಿಯಲ್ಲಿ ಗೇಟಿನ ತನಕ ಓಡಿದರೆ ಉಳಿಸಿಕೊಂಡು ತಿಂಗಳಿಗೊಮ್ಮೆ ಜನರಿಗಾಗಿ ಓಡಿಸುತ್ತಾರೆ, ನೋಡಿಕೊಳ್ಳಲು ಅವನೂ ಇಲ್ಲೇ ಇರಬಹುದು. ಓಡದಿದ್ದರೆ ಇಂಜಿನ್ನು ಗುಜರಿಗೆ, ಅವನು ತಿರುಚ್ಚಿಗೆ.

ಶನಿವಾರ ಬೇಲಿಯ ಹತ್ತಿರ ಊರೇ ಸೇರಿತ್ತು. ಜಾಗ ಹುಡುಕುತ್ತ ಷೆಡ್ಡಿನ ಹಿಂದೆ ಹೋದ ಸುಗುಣಾ ಅಲ್ಲೇ ನಿಂತಳು. ತಾನು ಕೊಟ್ಟ ಹುಣಸೆಹಣ್ಣು ಬಳಸದೆ ಅಲ್ಲಿ ಮೊಣಕಾಲೆತ್ತರಕ್ಕೆ ರಾಶಿ ಬಿದ್ದು ಒಣಗಿತ್ತು. ಅಯ್ಯೋ ದೇವರೇ, ಈ ಇಂಜಿನ್ನು ಓಡಲೇಬೇಕು.

ವಿಷ್ಣುಮೂರ್ತಿ ಇಂಜಿನ್ ಹತ್ತಿ ಉಗಿ ಬಿಡುವ ಹಿಡಿ ಎಳೆದ. ಬುಸ್ಸೆಂದಿತು, ನಡುಗಿತು, ಚಕ್ರ ಮಾತ್ರ ಕದಲಲಿಲ್ಲ. ಯಾರೋ ನಕ್ಕರು. ಅವನು ಉಗಿ ಇಳಿಸಿ, ಹೆದರಿದ ಹಸುವನ್ನು ಸವರುವಂತೆ ಕಬ್ಬಿಣವನ್ನು ಸವರಿ, ಮತ್ತೆ ಮೆಲ್ಲಗೆ ಎಳೆದ. ನೆಲದಡಿಯಿಂದಲೇ ಎಂಬಂತೆ ಒಂದು ದೊಡ್ಡ ಉಸಿರು ಎದ್ದಿತು. ತೊಂಬತ್ತು ವರ್ಷದ ಮುದುಕಿ ಹೆಜ್ಜೆಯಿಟ್ಟಳು, ಇನ್ನೊಂದಿಟ್ಟಳು, ಬಿಳಿ ಉಗಿಯನ್ನು ಸೆರಗಿನಂತೆ ಹಾರಿಸುತ್ತ ಗೇಟಿನತ್ತ ಓಡಿಯೇಬಿಟ್ಟಳು. ನಕ್ಕವರು ಕೈಮುಗಿದು ನಿಂತಿದ್ದರು. ಸುಗುಣಾ ಅಳುತ್ತಿದ್ದಳು, ಒರೆಸಿಕೊಳ್ಳಲೂ ಮರೆತಿದ್ದಳು.

ಗದ್ದಲ ತಗ್ಗಿದ ಮೇಲೆ ಅವನು ಮಸಿ ಮೆತ್ತಿದ ಮುಖದಲ್ಲೇ ಹತ್ತಿರ ಬಂದ.

"ಷೆಡ್ಡಿನ ಹಿಂದೆ ನೋಡಿದೆ," ಎಂದಳು.

"ಹಿತ್ತಾಳೆ ತಿಕ್ಕಿ ಮುಗಿದು ಎರಡು ತಿಂಗಳಾಯ್ತು," ಎಂದು ಅವನು ಒಪ್ಪಿಕೊಂಡ.

"ಹಾಗಾದ್ರೆ ನಾಳೆಯಿಂದ ಹುಳಿ ಬೇಡ?"

ಈ ಸಲ ನೇರವಾಗಿ ಅವಳ ಕಣ್ಣನ್ನೇ ನೋಡಿದ. "ಬೇಡ. ನಾಳೆ ಮುಂಬಾಗಿಲಿಗೇ ಬರ್ತೇನೆ. ನಿಮ್ಮ ಅಪ್ಪಯ್ಯನ ಹತ್ರ ಮಾತಾಡ್ಲಿಕ್ಕುಂಟು."