ಪೊದೆ ಸವರಿದ ದಿನ

ಆಷಾಢದ ಪಡುವಲ ಗಾಳಿ ಎದ್ದಿತ್ತು. ಮೇಲೂರಿನ ಸುತ್ತಮುತ್ತ ಹುಳುಮನೆಗಳಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದೆದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಎಷ್ಟು ಸೊಪ್ಪು ಹಾಕಿದರೂ ಸಾಲದೆಂಬಂತೆ ಮಳೆ ಸುರಿದ ಹಾಗೆ ಸದ್ದು ಮಾಡುತ್ತ ಮೇಯುವ ಕಾಲ. ಚನ್ನಕೇಶವ ಸೊಪ್ಪಿನ ಹೊರೆ ಇಳಿಸುತ್ತಿದ್ದಾಗ ಪಂಚಾಯ್ತಿಯ ವೆಂಕಟರವಣಪ್ಪ ಬಂದು ನೋಟಿಸು ಕೈಗಿಟ್ಟ. ಅವನ ಖಾಲಿ ನಿವೇಶನದಲ್ಲಿ ಪೊದೆ ಬೆಳೆದಿದೆ, ವಾರದೊಳಗೆ ಸವರಿಸಬೇಕು. ಇಲ್ಲದಿದ್ದರೆ ಪಂಚಾಯ್ತಿಯೇ ಸವರಿಸಿ ಖರ್ಚನ್ನು ಕಂದಾಯಕ್ಕೆ ಸೇರಿಸುತ್ತದೆ.

"ಯಾರಪ್ಪಾ ದೂರು ಕೊಟ್ಟೋರು?"

"ನನ್ನ ಬಾಯಲ್ಲಿ ಯಾಕಣ್ಣ ಹೇಳಿಸ್ತೀಯ? ಪೊದೆ ಪಕ್ಕ ಯಾರ ತೋಟ ಐತೆ ನೋಡ್ಕೊ."

ಎರ್ರಪ್ಪನ ತೋಟ. ಇಬ್ಬರೂ ಒಂದೇ ಬಾವಿಯಲ್ಲಿ ಈಜು ಕಲಿತವರು. ಹೋದ ಬೆಳೆಯಲ್ಲಿ ಎರ್ರಪ್ಪನ ಹುಳು ಸೊಪ್ಪಿಲ್ಲದೆ ಬಾಯಿಬಿಡುತ್ತಿದ್ದಾಗ ಚನ್ನಕೇಶವ ತನ್ನ ತೋಟದ ಎರಡು ಸಾಲು ಕೊಯ್ದು ಕೊಟ್ಟಿದ್ದ. "ನಿನ್ನ ಋಣ ಇಟ್ಕೊಳ್ಳಲ್ಲ ಕಣೋ" ಅಂದಿದ್ದ ಗೆಳೆಯ ಅದನ್ನು ತೀರಿಸಿದ್ದು ಹೀಗೆ! ಪೊದೆಯಿಂದ ಹಾವು ಬರ್ತವೆ ಅಂತ ಎರಡು ಸಲ ಹೇಳಿದ್ದ, ನಿಜ. "ಆಯ್ತು ಬಿಡಪ್ಪ" ಅಂದು ತಾನು ಮರೆತದ್ದೂ ನಿಜವೇ. ಹಾಗಂತ ಪಂಚಾಯ್ತಿಗೆ ಹೋಗೋದಾ? ಮತ್ತೊಂದು ಸಲ ಮನೆ ಬಾಗಿಲಿಗೆ ಬಂದು ಬೈದಿದ್ದರೆ ಬೈಸಿಕೊಳ್ಳುತ್ತಿದ್ದ.

ಸಿಟ್ಟು ಹೋಗಲಿಲ್ಲ, ತಣ್ಣಗೆ ಒಳಗಿಳಿದು ಕೂತಿತು. ಸವರಬೇಕು ತಾನೆ, ಸವರುತ್ತಾನೆ. ನಿವೇಶನದ ಪೂರ್ವಕ್ಕೆ ಎರ್ರಪ್ಪನ ಹಿಪ್ಪುನೇರಳೆ ತೋಟ, ಪಶ್ಚಿಮಕ್ಕೆ ತನ್ನದು. ಗಾಳಿ ಬೀಸುವುದು ಪೂರ್ವದ ಕಡೆಗೇ. ಕೀಟ ಕೊಲ್ಲುವ ಔಷಧಿಯ ಒಂದು ಹನಿ ಬಿದ್ದ ಸೊಪ್ಪು ತಿಂದರೂ ರೇಷ್ಮೆಹುಳು ಬದುಕುವುದಿಲ್ಲ. ಸತ್ತರೆ ಊರು ರೋಗ ಅನ್ನುತ್ತದೆ, ಸೆಕೆ ಅನ್ನುತ್ತದೆ. ಔಷಧಿಯನ್ನು ಗುರುತು ಪರಿಚಯವಿಲ್ಲದ ಚಿಂತಾಮಣಿಯಿಂದ ತಂದ. ಎರ್ರಪ್ಪ ಶಿಡ್ಲಘಟ್ಟದ ಬಸ್ಸು ಹತ್ತುವ ಬೆಳಿಗ್ಗೆಗೆ ಕಾದ.

ದಾರಿಯ ಬದಿಯ ಲಂಟಾನವನ್ನು ಮಾತ್ರ ಉಳಿಸಿಕೊಂಡು ಒಳಗಿನಿಂದ ಸವರತೊಡಗಿದ. ಯಾವ ಪೊದೆಯ ಮೇಲೆ ದೂರು ಬಂದಿತ್ತೋ ಅದೇ ಅವನಿಗೆ ಮರೆಯಾಯಿತು. ಗಾಳಿ ಜೋರಾದಾಗ ಔಷಧಿ ಪಂಪು ಹೆಗಲಿಗೇರಿಸಿ, ಎರ್ರಪ್ಪನ ಕಡೆಯ ಬೇಲಿಯಂಚಿನಲ್ಲಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದ. ಮಂಜಿನಂಥ ಹನಿ ಹಿಪ್ಪುನೇರಳೆಯ ಅಂಚಿನ ಸಾಲುಗಳ ಮೇಲೆ ಕೂತು ಆರಿತು. ಪಂಪನ್ನು ತೊಳೆದು ಬಚ್ಚಿಟ್ಟು ಉಳಿದ ಪೊದೆಯನ್ನೂ ಕೆಡವಿದ. ನೆಲ ಮದುವೆಮನೆ ಅಂಗಳದ ಹಾಗೆ ಬಯಲಾಯಿತು.

ಪಂಚಾಯ್ತಿಗೆ ಹೋಗಿ ಮೊಬೈಲಿನಲ್ಲಿ ಫೋಟೋ ತೋರಿಸಿದ. "ಎಲ್ಲಾರೂ ನಿನ್ನಂಗೆ ಕಾನೂನಿಗೆ ಬೆಲೆ ಕೊಟ್ರೆ ನಾವು ಊರೂರು ಅಲೆಯೋದು ತಪ್ಪುತ್ತೆ" ಅಂದ ವೆಂಕಟರವಣಪ್ಪ. ಚನ್ನಕೇಶವ ಚಹಾ ಕುಡಿದ. ಹುಳು ಗೂಡು ಕಟ್ಟುವ ದಿನ ಹತ್ತಿರವಾದ್ದರಿಂದ ಅವನ್ನು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಬಾಡಿಗೆಗೆ ಗೊತ್ತುಮಾಡಿದ. ಈ ಬೆಳೆ ಕೈಗೆ ಬಂದರೆ ಮಗಳು ಹರಿತಾಳನ್ನು ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗಿಗೆ ಸೇರಿಸುವುದು. ಅವಳಿಗೆ ಮಾತು ಕೊಟ್ಟಾಗಿತ್ತು. ನಾಳೆ ಎರ್ರಪ್ಪ ಅತ್ತುಕೊಂಡು ಬಂದರೆ ಏನು ಹೇಳಬೇಕೆಂಬುದನ್ನೂ ದಾರಿಯಲ್ಲೇ ಹೊಂದಿಸಿಕೊಂಡ.

ಸಂಜೆ ಮನೆ ಸೇರಿದಾಗ ಹೆಂಡತಿ ಭಾನುಪ್ರಿಯಾ ಒಲೆ ಮುಂದಿದ್ದಳು. "ಎರ್ರಪ್ಪಣ್ಣ ಮಧ್ಯಾಹ್ನವೇ ಬಂದಿದ್ದ ಕಣ್ರಿ. ಪೊದೆ ಸವರಿದ್ದು ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ. ದೂರು ಕೊಟ್ಟು ತಪ್ಪು ಮಾಡ್ದೆ, ಅವನ ಮುಖ ನೋಡಕ್ಕೂ ನಾಚ್ಕೆ ಆಗ್ತೈತೆ ಅಂದ. ಹೋದ ಬೆಳೇಲಿ ನೀವು ಕೊಟ್ಟಿದ್ರಲ್ಲ ಎರಡು ಸಾಲು, ಅದನ್ನ ಇವತ್ತೇ ತೀರಿಸ್ಬಿಟ್ಟ. ತನ್ನ ಹುಳಕ್ಕೂ ಇಟ್ಕೊಳ್ದೆ, ನಮ್ಮ ನಿವೇಶನದ ಬೇಲಿ ಪಕ್ಕದ ತನ್ನ ಸಾಲುಗಳ ಸೊಪ್ಪನ್ನೆಲ್ಲಾ ಬೋಳಿಸಿ ತಂದ್ಹಾಕಿದ. ಆಗ್ಲೇ ನಮ್ಮ ಹುಳಕ್ಕೆ ಹರಡ್ಬಿಟ್ಟೆ." ಚನ್ನಕೇಶವ ಹುಳುಮನೆಯ ಬಾಗಿಲು ತಳ್ಳಿದ. ಹಸಿರು ಸೊಪ್ಪು ತಟ್ಟೆಗಳ ತುಂಬ ಇತ್ತು. ಮೇಯುವ ಸದ್ದು ಇರಲಿಲ್ಲ.