ಒಂದು ಎಲೆ ಬಿಡಿಸಿದ್ದಕ್ಕೆ

ಆ ಎಲೆ ತಾನಾಗಿಯೇ ಬಿಟ್ಟುಕೊಳ್ಳಲಿ ಎಂದು ದಾಲ್ಲೆ ಮನಸ್ಸಿನಲ್ಲೇ ಬೇಡಿಕೊಂಡಳು. ಬಿಟ್ಟುಕೊಳ್ಳಲಿಲ್ಲ.

ಬಮ್‌ಗೋಲ್ ಹಳ್ಳಿಯಲ್ಲಿ ಅವತ್ತು ಹೊಸಕ್ಕಿ ಊಟ. ಕೊಯ್ಲಾದ ಗದ್ದೆಯಲ್ಲೇ ಉದ್ದಕ್ಕೆ ಮೇಜು ಹಾಕಿದ್ದರು. ಮದ್ದು ಹೊಡೆಯದೆ, ಕಳೆ ತಿನ್ನಲು ಬಾತುಕೋಳಿ ಬಿಟ್ಟು ಬೆಳೆದ ಅಕ್ಕಿ. ಉಳಿದದ್ದೆಲ್ಲ ಅವರವರ ಹಿತ್ತಿಲಿನದು, ಅವರವರೇ ಮಾಡಿ ತಂದದ್ದು. ದಾಲ್ಲೆ ತಂದದ್ದು ಸೋಯಾ ಸಾಸಿನಲ್ಲಿ ನೆನೆಹಾಕಿದ, ಕೆನ್ನಿಪ್ ಎಂಬ ಘಮದ ಸೊಪ್ಪಿನ ಎಲೆ. ಒಂದಕ್ಕೊಂದು ಅಂಟಿ ಕೂತಿರುವ ಆ ಎಲೆಗಳನ್ನು ಚಾಪ್‌ಸ್ಟಿಕ್ಕಿನಲ್ಲಿ ಒಂದೊಂದಾಗಿ ಎತ್ತುವುದು ರೂಢಿಯಿದ್ದವರಿಗೂ ಕಷ್ಟ.

ಎತ್ತಲು ಹೋದವಳು ಸಿಯೋಲ್‌ನಿಂದ ಬಂದ ಚೇವನ್. ಊಟದ ಬಗ್ಗೆ ಪತ್ರಿಕೆಗೆ ಬರೆಯುವವಳು, ಬಿಳಿ ಅಂಗಿ, ನಕ್ಕರೆ ಕೆನ್ನೆಯಲ್ಲಿ ಗುಳಿ. ಒಂದು ಎಳೆದರೆ ಮೂರು ಬಂದವು. ಪಕ್ಕದಲ್ಲಿ ಕೂತಿದ್ದ ಇನ್‌ಸಿಕ್ ತನ್ನ ಕಡ್ಡಿ ಚಾಚಿ, ಕೆಳಗಿನ ಎರಡನ್ನು ಮೆಲ್ಲಗೆ ಒತ್ತಿ ಹಿಡಿದ. ಮೇಲಿನದು ಬಿಟ್ಟುಕೊಂಡಿತು. ಚೇವನ್ ಗುಳಿ ಬೀಳಿಸಿ ನಕ್ಕಳು.

ಆ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ತನ್ನವನು ಬೇರೆ ಹೆಣ್ಣಿಗೆ ಕೆನ್ನಿಪ್ ಎಲೆ ಬಿಡಿಸಿಕೊಡಬಹುದೋ ಕೂಡದೋ ಎಂದು ಗಂಡ ಹೆಂಡಿರು, ಗೆಳತಿಯರು, ಟೀವಿಯವರು ಎಲ್ಲ ಜಗಳವಾಡಿ ಸುಸ್ತಾಗಿದ್ದಾರೆ. ದಾಲ್ಲೆ ಯಾವಾಗಲೂ ‘ಛೆ, ಒಂದೆಲೆಗೆ ಎಂಥ ಹೊಟ್ಟೆಕಿಚ್ಚು’ ಎನ್ನುವವರ ಪಕ್ಷ. ಈಗ ಅವಳ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಹಾಗೆಂದು ಇನ್‌ಸಿಕ್ ಅವಳವನೇನೂ ಅಲ್ಲ. ಪಕ್ಕದ ಗದ್ದೆಯವನು, ಒಂದೇ ಶಾಲೆಯಲ್ಲಿ ಕಲಿತವನು, ಅಷ್ಟೆ. ಅವನು ಬಾಯಿ ಬಿಡಲಿ ಎಂದು ಹತ್ತು ವರ್ಷದಿಂದ ಕಾಯುತ್ತಿರುವುದು ಅವಳೊಬ್ಬಳಿಗೇ ಗೊತ್ತು. ಈ ಸಲದ ನಾಟಿಯಿಂದೀಚೆಗಂತೂ ಅವನು ಮುಖ ಕೊಟ್ಟು ಮಾತಾಡಿರಲಿಲ್ಲ. ಈಗ ನೋಡಿದರೆ ಗುಳಿಕೆನ್ನೆಯವಳ ತಟ್ಟೆಗೆ ಕೈ ಚಾಚುತ್ತಿದ್ದಾನೆ!

“ಅಯ್ಯೋ, ಇವರನ್ನ ಎಲೆ ಬಿಡ್ಸೋಕೆ ಹಚ್ಚಿಬಿಟ್ನಲ್ಲ! ನಿಮಗೇನೂ ಬೇಜಾರಿಲ್ಲ ತಾನೆ?” ಚೇವನ್ ದಾಲ್ಲೆಯನ್ನು ತಮಾಷೆಗೆ ಕೇಳಿದಳು.

“ಪರವಾಗಿಲ್ಲ.”

“ಇನ್ನೊಂದು ತಗೊಳ್ಲಾ?”

“ಪರವಾಗಿಲ್ಲ.”

“ಇವರಿಗೇ ಹಿಡ್ಕೊಳ್ಳೋಕೆ ಹೇಳ್ಲಾ?”

“ಪರವಾಗಿಲ್ಲ ಅಂದ್ನಲ್ಲ!” ದಾಲ್ಲೆ ಎದ್ದು ಅನ್ನದ ಹಂಡೆಯತ್ತ ನಡೆದೇಬಿಟ್ಟಳು.

“ಪರವಾಗಿಲ್ಲ ಅಂದೋರು ಯಾಕೆ ಎದ್ದುಹೋದ್ರು?” ಚೇವನ್ ಕೇಳಿದ್ದು ಬೆನ್ನ ಹಿಂದೆ ಕೇಳಿಸಿತು. ಸೂಪು ಬಡಿಸುತ್ತಿದ್ದ ದಾಲ್ಲೆಯ ಸೋದರತ್ತೆ ಸೌಟು ಕುಕ್ಕಿದ್ದೂ ಕೇಳಿಸಿತು.

“ನೀನು ಸಿಯೋಲ್‌ನವಳಮ್ಮ, ನಿಂಗೆ ತಿಳಿಯಲ್ಲ. ನಮ್ಮ ಚುಂಗ್‌ಚೊಂಗ್ ಸೀಮೇಲಿ ಒಂದು ಸಲ ಪರವಾಗಿಲ್ಲ ಅಂದ್ರೆ ಬೇಡ ಅಂತ. ಮೂರು ಸಲ ಅಂದ್ರೆ ಎದುರಿಗೆ ನಿಲ್ಬೇಡ ಅಂತ. ಏನೋ ಇನ್‌ಸಿಕ್, ಕಂಬದ ಥರ ಕೂತಿದೀಯಲ್ಲ, ಹೋಗೋ!”

ಇನ್‌ಸಿಕ್ ಬಂದ. ಆ ಸೀಮೆಯ ಗಂಡಸರ ನಡಿಗೆಯೇ ನಿಧಾನ. ಅವನದು ಅವರೆಲ್ಲರಿಗಿಂತ ನಿಧಾನ.

“ಅನ್ನ ಆಯ್ತಾ?”

“ಕಣ್ಣಿಲ್ವಾ? ಹೋಗು, ಅಲ್ಲಿ ಎಲೆಗಳು ಕಾಯ್ತಿವೆ.”

“ಮೂರೂ ಒಟ್ಟಿಗೆ ಬಾಯಿಗಿಟ್ಟಿದ್ರೆ ಉಪ್ಪು ಜಾಸ್ತಿ ಅಂತಿದ್ಲು. ಪತ್ರಿಕೇಲೂ ಬರ್ದುಬಿಡ್ತಿದ್ಲು. ನೀನು ಮಾಡಿದ್ದಲ್ವಾ, ಅದಕ್ಕೇ…”

ದಾಲ್ಲೆ ಹಂಡೆಯ ಸೌಟು ಕೈಗೆತ್ತಿಕೊಂಡಳು. ಅಷ್ಟಕ್ಕೇ ಸೋಲುವವಳಲ್ಲ. “ನನ್ನ ಉಪ್ಪಿನ ಚಿಂತೆ ನಿಂಗ್ಯಾಕೆ? ಐದು ತಿಂಗಳಿಂದ ನನ್ನ ಕಡೆ ತಿರುಗಿ ನೋಡಿಲ್ಲ ನೀನು.”

“ನೀನೇ ಬೇಡ ಅಂದ್ಯಲ್ಲ.”

“ನಾನಾ? ಯಾವಾಗ?”

“ನಾಟಿ ಟೈಮಲ್ಲಿ. ನಮ್ಮಿಬ್ರ ಗದ್ದೆ ಮಧ್ಯದ ಬದು ತೆಗೆದುಬಿಡೋಣ್ವಾ ಅಂತ ಕೇಳ್ದೆ. ನೀನು ‘ಪರವಾಗಿಲ್ಲ ಬಿಡು’ ಅಂದೆ.”

ದಾಲ್ಲೆಗೆ ನೆನಪಾಯಿತು. ಆ ಬದುವಿನ ಮೇಲೆ ಬಿತ್ತಲೆಂದು ಸೋಯಾ ಕಾಳು ಮಡಿಲಲ್ಲಿಟ್ಟುಕೊಂಡು ನಿಂತಿದ್ದಳು. ಅವನು ಕಾಲಿಗೆ ಮೆತ್ತಿದ ಕೆಸರನ್ನೇ ನೋಡುತ್ತಾ ಕೇಳಿದ್ದ.

“ಅಯ್ಯೋ ಮಂಕೇ! ಬದು ಹೋದ್ರೆ ಸೋಯಾ ಎಲ್ಲಿ ಬಿತ್ಲಿ ಅಂತ ಯೋಚಿಸ್ತಿದ್ದೆ ಕಣೋ ನಾನು. ಅದು ಮದುವೆ ಮಾತು ಅಂತ ಯಾರಿಗೆ ಗೊತ್ತಾಗತ್ತೆ?”

“ಇನ್ನು ಹೆಂಗೆ ಕೇಳೋದು? ಬಾಯ್ಬಿಟ್ಟು ಕೇಳೋಕೆ ನಾಚ್ಕೆ ಆಗಲ್ವಾ?”

ಅಳಬೇಕೋ, ಸೌಟಿನಲ್ಲಿ ಅವನ ತಲೆಗೆ ಬಾರಿಸಬೇಕೋ ಅವಳಿಗೆ ತೋಚಲಿಲ್ಲ. ಐದು ತಿಂಗಳು! ಆ ಸೀಮೆಯಲ್ಲಿ ಯಾವ ಹೆಣ್ಣೂ ಆಡದ ನೇರ ಮಾತು ಅವಳ ಬಾಯಿಂದ ಬಂತು.

“ಹಂಗಾದ್ರೆ ನಾನೇ ಬಾಯ್ಬಿಟ್ಟು ಹೇಳ್ತೀನಿ, ಕೇಳು. ನಂಗೆ ಹೊಟ್ಟೆ ಉರೀತು. ಇನ್ಮೇಲೆ ಯಾರಿಗೂ ಎಲೆ ಬಿಡಿಸ್ಬೇಡ. ನಮ್ಮತ್ತೆಗೂ ಬಿಡಿಸ್ಬೇಡ.”

ಇನ್‌ಸಿಕ್‌ನ ಮುಖ ಕಿವಿಯವರೆಗೂ ಕೆಂಪೇರಿತು. “ಮತ್ತೆ… ಬದು?”

“ನಾಳೆ ಗುದ್ದಲಿ ತಗೊಂಡು ಬಾ.”

ಅವನು ಬಹಳ ಹೊತ್ತು ಯೋಚಿಸಿದ. “ತಿಂಡಿಗೆ ಮುಂಚೆ ಬರ್ಲಾ, ತಿಂದ್ಮೇಲೆ ಬರ್ಲಾ?”

“ತಿಂಡಿ ನಮ್ಮನೇಲೇ ತಿನ್ನು,” ಎಂದಳು ದಾಲ್ಲೆ. ಮೇಜಿನಲ್ಲಿದ್ದ ಗುಳಿಕೆನ್ನೆಯವಳ ಕಡೆ ಒಮ್ಮೆ ಕಣ್ಣು ಹಾಯಿಸಿ ಸೇರಿಸಿದಳು: “ಒಬ್ನೇ ಬಾ.”