ಒಂದು ಸಲಕ್ಕೆ ಒಂದೇ

“ಆಫ್ ಮಾಡಿ ಆನ್ ಮಾಡಿ ಅನ್ನೋದು ಬಿಟ್ಟು ನಿಮಗೆಲ್ಲ ಬೇರೆ ಮಾತೇ ಬರಲ್ವಾ?!”

ಬಾಗಿಲು ತೆಗೆದದ್ದೇ ತಡ, ಅವಳು ಸಿಡಿದಳು.

ಹೊಸ್ತಿಲಾಚೆ ನಿಂತಿದ್ದ ಇಂಟರ್ನೆಟ್ ರಿಪೇರಿಯವನು ಒಂದು ಹೆಜ್ಜೆ ಹಿಂದೆ ಸರಿದ.

“ತಪ್ಪು ನಂದೇ ಮೇಡಂ. ಶನಿವಾರ ಆಫೀಸಿನಿಂದ ನಿಮ್ಮ ರೂಟರ್‌ಗೆ ಹೊಸ ಅಪ್‌ಡೇಟ್ ಹಾಕಿದ್ದು ನಾನೇ. ಅವತ್ತಿನಿಂದಲೇ ಅಲ್ವಾ ವೈಫೈ ನಿಧಾನ ಆಗಿದ್ದು?”

ಜಗಳಕ್ಕೆ ಟೊಂಕ ಕಟ್ಟಿ ನಿಂತವಳಿಗೆ ಎದುರಾಳಿಯೇ ಇಲ್ಲದ ಹಾಗಾಯಿತು! ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರೂ ಇರುತ್ತಾರಾ?

ಆದರೂ ಅವಳ ಸಂಕಟ ಸಣ್ಣದಲ್ಲ. ಮನೆಯಲ್ಲೇ ಕುಳಿತು, ವಿಡಿಯೊದಲ್ಲಿ, ಡಾಕ್ಟರ ಮಾತನ್ನು ಕಿವಿ ಕೇಳಿಸದ ರೋಗಿಗಳಿಗೆ ಸನ್ನೆ ಭಾಷೆಯಲ್ಲಿ ಹೇಳುವುದು ಅವಳ ಕೆಲಸ. ನಿನ್ನೆ ಒಬ್ಬ ತಾಯಿಗೆ ಮಗುವಿನ ಆಪರೇಷನ್ ಬಗ್ಗೆ ವಿವರಿಸುತ್ತಿದ್ದಾಗ ಚಿತ್ರ ಅರ್ಧಕ್ಕೇ ನಿಂತುಬಿಟ್ಟಿತ್ತು. ಗಾಬರಿಯಾದ ತಾಯಿ ಒಪ್ಪಿಗೆಯೇ ಕೊಡಲಿಲ್ಲ. ನಾಡಿದ್ದು ಹನ್ನೊಂದು ಗಂಟೆಗೆ ಇನ್ನೊಂದೇ ಅವಕಾಶ ಎಂದಿತ್ತು ಆಸ್ಪತ್ರೆ.

“ಕೈ ನಿಂತರೆ ಮಾತೇ ನಿಂತ ಹಾಗೆ ಕಣ್ರೀ. ಆ ಸಂಕಟ ನಿಮಗೇನು ಗೊತ್ತು!”

ಅವನು ಒಂದು ಕ್ಷಣ ತಲೆ ತಗ್ಗಿಸಿದ. ಬ್ಯಾಗಿನಿಂದ ನೋಟ್‌ಬುಕ್ ತೆಗೆದ.

ಕೋಣೆಯಿಂದ ಕೋಣೆಗೆ ನಡೆದು, ಮೊಬೈಲಿನಲ್ಲಿ ಸ್ಪೀಡ್ ಅಳೆದು, ಬರೆದುಕೊಂಡ. ಮೊದಲು ಮನೆಯಲ್ಲಿ ವೈಫೈಗೆ ಎರಡು ಹೆಸರಿದ್ದವು, ಒಂದು ವೇಗದ್ದು, ಒಂದು ನಿಧಾನದ್ದು. ಅಪ್‌ಡೇಟ್ ಎರಡನ್ನೂ ಒಂದೇ ಮಾಡಿತ್ತು. ಅವಳ ಲ್ಯಾಪ್‌ಟಾಪ್ ನಿಧಾನದ್ದಕ್ಕೆ ಜೋತುಬಿದ್ದಿತ್ತು. ಅವನು ಎರಡನ್ನೂ ಬೇರೆ ಮಾಡಿ, ಅವಳಿಂದ ಕ್ಯಾಮೆರಾ ಮುಂದೆ ಸನ್ನೆ ಮಾಡಿಸಿ ನೋಡಿದ.

“ಇವತ್ತಿಗೆ ಇಷ್ಟೇ. ನಾಳೆ ಬರ್ತೀನಿ.”

“ಇಷ್ಟೇನಾ?!”

ಮರುದಿನ ವೈಫೈ ಓಡಾಡುವ ದಾರಿಯನ್ನು, ಅಂದರೆ ಚಾನೆಲ್ಲನ್ನು, ಬದಲಿಸಿದ. ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಹಳೆಯದರಲ್ಲೇ ಮುಗಿಬಿದ್ದಿದ್ದವಂತೆ. ಸ್ವಲ್ಪ ಸುಧಾರಿಸಿತು. ಆದರೆ ಅವಳು ಕೈ ಬೇಗ ಆಡಿಸಿ ತೋರಿಸಿದರೆ ಚಿತ್ರ ಇನ್ನೂ ತಡವರಿಸುತ್ತಿತ್ತು.

“ನಾಳೆ ಬರ್ತೀನಿ.”

ಅವನು ಹೋದ ಮೇಲೆ ಅಮ್ಮ ಕಿಸಕ್ಕನೆ ನಕ್ಕಳು. “ಕೆಲಸ ಮುಗಿಸೋಕೆ ಅವನಿಗೆ ಮನಸ್ಸಿಲ್ಲ ಕಣೇ. ನಿನ್ನ ನೋಡೋಕೆ ಬರ್ತಾನೆ!”

ಅವಳಿಗೆ ನಗು ಬರಲಿಲ್ಲ. ಒಂದು ಮಗುವಿನ ಜೀವ, ನನ್ನ ಕೆಲಸ... ಎರಡೂ ಇವನಿಗೆ ಆಟವೇ? ಛೇ, ಒಳ್ಳೆಯವನು ಅಂದುಕೊಂಡಿದ್ದೆನಲ್ಲ!

ಮೂರನೆಯ ದಿನ ಒಂಬತ್ತಕ್ಕೇ ಬಂದವನನ್ನು ಅವಳು ಬಾಗಿಲಲ್ಲೇ ತಡೆದಳು.

“ಬೇಕಂತಲೇ ಎಳೀತಿದ್ದೀರಾ?”

ಅವನ ಮುಖ ಬಾಡಿತು. ನೋಟ್‌ಬುಕ್ ಅವಳ ಕೈಗಿಟ್ಟ. ಪ್ರತಿ ಕೋಣೆ, ಪ್ರತಿ ಸಲದ ಲೆಕ್ಕ. ಅವಳ ಮೇಜಿಗೆಂದೇ ಬೇರೆ ಪುಟ.

“ಒಂದು ಸಲಕ್ಕೆ ಒಂದೇ ಬದಲಾಯಿಸ್ತೀನಿ ಮೇಡಂ. ಎಲ್ಲ ಒಟ್ಟಿಗೆ ತಿರುಗಿಸಿದ್ರೆ ಇವತ್ತು ಸರಿ ಹೋಗಬಹುದು. ಯಾವುದರಿಂದ ಸರಿ ಹೋಯ್ತು ಅಂತ ಗೊತ್ತಾಗಲ್ಲ. ನಾಳೆ ಮತ್ತೆ ಕೆಟ್ಟರೆ? ನಿಮ್ಮ ಕೈ ಇನ್ನೊಂದು ಸಲ ನಿಲ್ಲಬಾರದು.”

ಅವಳು ಮತ್ತೊಮ್ಮೆ ಆ ಪುಟ ನೋಡಿದಳು. ಇಷ್ಟು ಶ್ರದ್ಧೆಯಿಂದ ತನ್ನ ಕೆಲಸವನ್ನು ಯಾರು ನೋಡಿದ್ದರು? ಅವಳು ದಾರಿ ಬಿಟ್ಟಳು.

ಅಪ್‌ಡೇಟ್ ಚಾನೆಲ್ಲಿನ ಅಗಲವನ್ನೂ ಕಿರಿದು ಮಾಡಿತ್ತು. ಅದನ್ನು ಮೊದಲಿನಷ್ಟಕ್ಕೆ ಹಿಗ್ಗಿಸಿ ಅವನು ಹೇಳಿದ, “ನಮ್ಮಕ್ಕನಿಗೆ ವಿಡಿಯೊ ಕಾಲ್ ಮಾಡಿ ನೋಡೋಣ. ಅವಳಷ್ಟು ಬೇಗ ಕೈ ಆಡಿಸೋರು ಯಾರೂ ಇಲ್ಲ.”

“ನಿಮ್ಮಕ್ಕ...?”

“ಹುಟ್ಟಿದಾಗಿನಿಂದ ಕಿವಿ ಕೇಳಿಸಲ್ಲ.”

ಆ ಸಂಕಟ ನಿಮಗೇನು ಗೊತ್ತು! ತನ್ನದೇ ಮಾತು ನೆನಪಾಗಿ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಪರದೆಯ ಮೇಲೆ ಅಕ್ಕ ಬಂದಳು. ಕೈಗಳು ಪಟಪಟನೆ ಆಡತೊಡಗಿದವು.

“ಓಹೋ, ನೀನೇನಾ ಅವಳು? ಎರಡು ದಿನದಿಂದ ಇವನು ಊಟಕ್ಕೆ ಕೂತರೂ ನಿನ್ನ ಕೈಗಳ ಬಗ್ಗೆನೇ ಹೇಳ್ತಾನೆ! ಅಷ್ಟು ಚೆನ್ನಾಗಿ ಮಾತಾಡೋ ಕೈ ಎಲ್ಲೂ ನೋಡಿಲ್ವಂತೆ. ನಿನ್ನ ಹತ್ತಿರ ಹೇಳೋ ಧೈರ್ಯ ಮಾತ್ರ ಇಲ್ಲ, ಪೆದ್ದ!”

ಒಂದು ಬೆರಳೂ ತಡವರಿಸಲಿಲ್ಲ. ಪಕ್ಕದಲ್ಲಿ ಅವನ ಕಿವಿ ಕೆಂಪಾಗಿತ್ತು.

“ಏನಂತೆ ಕಣೇ?” ಅಮ್ಮ ಇಣುಕಿದಳು.

“ವಿಡಿಯೊ... ಚೆನ್ನಾಗಿ ಬರ್ತಿದೆಯಂತೆ, ಅಮ್ಮ!”

ಹನ್ನೊಂದಕ್ಕೆ ಅವಳು ಬಾಗಿಲು ಮುಚ್ಚಿ ಕುಳಿತಳು. ನಲವತ್ತು ನಿಮಿಷ. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಕೊನೆಗೆ ಆ ತಾಯಿ ಕಣ್ಣೊರೆಸಿಕೊಂಡು, ಎಲ್ಲ ಅರ್ಥವಾಯಿತು ಎಂದು ಕೈಯಲ್ಲೇ ಹೇಳಿ, ಒಪ್ಪಿಗೆಪತ್ರಕ್ಕೆ ಸಹಿ ಹಾಕಿದಳು.

ಅವಳು ಹೊರಗೆ ಓಡಿಬಂದಳು. ಅವನು ಮೆಟ್ಟಿಲ ಮೇಲೆ ಕುಳಿತು ಕಾಯುತ್ತಿದ್ದ.

“ಒಂದು ಸಲವೂ ನಿಲ್ಲಲಿಲ್ಲ! ಆ ತಾಯಿ ಒಪ್ಪಿಕೊಂಡ್ರು!”

ಅವನ ಕಣ್ಣು ತುಂಬಿತು.

“ಅವತ್ತು ಏನೇನೋ ಅಂದುಬಿಟ್ಟೆ... ಕ್ಷಮಿಸಿ,” ಎಂದಳು. “ಅಕ್ಕ ಹೇಳಿದ್ದು ನಿಜಾನಾ?”

“ನಿಜ. ನಿಮ್ಮ ಕೈಗಳು ಅಂದ್ರೆ... ನಂಗೆ ತುಂಬಾ ಇಷ್ಟ.”

“ಆಮೇಲೆ?”

“ನಾಳೆ ಬಂದು ಹೇಳ್ತೀನಿ. ಒಂದು ಸಲಕ್ಕೆ ಒಂದೇ...”

“ಇದೊಂದು ವಿಷಯ ಎಲ್ಲ ಒಟ್ಟಿಗೇ ಹೇಳಿಬಿಡ್ರೀ!”

ಅವನು ಬ್ಯಾಗ್ ಕೆಳಗಿಟ್ಟು, ಮೆಲ್ಲಗೆ ಕೈಗಳನ್ನೆತ್ತಿ ಸನ್ನೆಯಲ್ಲೇ ಕೇಳಿದ. “ನಿನ್ನ ಪ್ರೀತಿಸ್ತೀನಿ. ನನ್ನ ಮದುವೆ ಆಗ್ತೀಯಾ?”

ಅವಳ ಕೈಗಳೂ ಅಷ್ಟೇ ಮೆಲ್ಲಗೆ ಉತ್ತರಿಸಿದವು. “ಆಗ್ತೀನಿ.”

ಒಳಗಿನಿಂದ ಅಮ್ಮನ ದನಿ. “ಏನಂತೆ ಕಣೇ?”

“ನಾಳೆನೂ ಬರ್ತಾರಂತೆ, ಅಮ್ಮ!”